ಬೋಣಿಗೆ ಮುಂಚೆ ಬಂದ ಸಂದೇಶ

ಮೂರು ಸಂದೇಶಗಳ ಪಕ್ಕದಲ್ಲೂ ಒಂದೊಂದೇ ಬೂದು ಟಿಕ್ ಇತ್ತು. ಮೇಲೆ ಅಂಗಡಿಯ ಚಿತ್ರ ಇರಬೇಕಾದ ಜಾಗದಲ್ಲಿ ಖಾಲಿ ವೃತ್ತ. ಆ ಫೋನನ್ನು ಕ್ಯಾಮೆರಾಕ್ಕೆ ಹಿಡಿದಿದ್ದ ಹೆಬ್ಬೆರಳಿನ ಉಗುರುಬಣ್ಣ ಅರ್ಧ ಕಿತ್ತುಹೋಗಿತ್ತು. ಹಿಂದಿನಿಂದ ಒಂದು ಹೆಣ್ಣು ದನಿ ಮಾತಾಡುತ್ತಿತ್ತು. ಅದರಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು.

"ನೋಡ್ರಿ, ಮೊಳಕಾಲ್ಮುರಿನ ಸೀರಿ ಅಂಗಡಿ ಇದು. ರೊಕ್ಕ ತಗೊಂಡ್ರು, ಸೀರಿ ಕಳಿಸಿದ್ರು. ಬಣ್ಣ ಬ್ಯಾರೆ ಐತಿ, ವಾಪಸ್ ತಗೋರಿ ಅಂದ್ರ ನನ್ನ ಬ್ಲಾಕ್ ಮಾಡ್ಯಾರ."

ವಿಡಿಯೊ ನನ್ನ ಕೈ ಸೇರಿದಾಗ ನಾನು ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲುಬಯಲಿನ ಅಂಚಿನಲ್ಲಿ ಕಂಬಳಿ ವ್ಯಾಪಾರಿಯೊಬ್ಬರಿಗಾಗಿ ಕುರಿಮಂದೆಯ ಚಿತ್ರೀಕರಣ ಮಾಡುತ್ತಿದ್ದೆ. ಆಷಾಢದ ಗಾಳಿಯಲ್ಲಿ ಮೈಕಿಗೆ ಗಾಳಿ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆಯುತ್ತಿದ್ದೆ. ಕುರಿ ಕಾಯುವ ಹೆಂಗಸು ಕೋಲಿಗೆ ಗಲ್ಲ ಊರಿ ನಿಂತು, "ಮುಗೀತೇನವ್ವ? ನಂಗಲ್ಲ, ಕುರಿಗಳಿಗೆ ಬೇಜಾರಾಗೈತೆ" ಎಂದಳು.

ಚಳ್ಳಕೆರೆಯಲ್ಲಿ ಒಂದು ಕೋಣೆ ಹಿಡಿದು ನಾನು ಸುತ್ತಮುತ್ತಲ ಕೆಲವು ಅಂಗಡಿಗಳ, ಎಣ್ಣೆ ಮಿಲ್ಲುಗಳ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಪುಟಗಳನ್ನು ನೋಡಿಕೊಳ್ಳುತ್ತೇನೆ. ಏನು ಹಾಕಬೇಕು, ಯಾವಾಗ ಹಾಕಬೇಕು, ಯಾರಾದರೂ ಬೈದರೆ ಯಾವ ಮಾತಿನಲ್ಲಿ ಉತ್ತರಿಸಬೇಕು ಎಂಬುದೆಲ್ಲ ನನ್ನ ಪಾಲಿನದು. ಮೊಳಕಾಲ್ಮುರಿನ ಆ ಸೀರೆ ಅಂಗಡಿ ಅವುಗಳಲ್ಲೊಂದು. ವಿಡಿಯೊ ಕಳಿಸಿದ್ದು ಅಂಗಡಿಯ ಯಜಮಾನರ ಸೊಸೆ. ಕೆಳಗೆ ಒಂದೇ ಸಾಲು ಬರೆದಿದ್ದಳು: "ಅಕ್ಕ, ಇದನ್ನ ಮಾಡಿದ್ದು ನಾನಲ್ಲ."

ಕುರಿಗಳನ್ನು ಬಿಟ್ಟು ಮೊಳಕಾಲ್ಮುರಿನ ಬಸ್ಸು ಹತ್ತಿದೆ. ಕುದಾಪುರದ ಕಡೆಯ ಉದ್ದನೆಯ ಕಾಂಪೌಂಡ್ ಗೋಡೆಗಳು ಮುಗಿಯುವಷ್ಟರಲ್ಲಿ ಮೊದಲ ಕೆಲಸ ಮುಗಿಸಿದ್ದೆ. ಇಂಥ ಹೊತ್ತಿನಲ್ಲಿ ಮೊದಲು ನಿಲ್ಲಿಸಬೇಕಾದದ್ದು ನಮ್ಮದೇ ಬಾಯಿಯನ್ನು. ಸಂಜೆಗೆಂದು ಮೊದಲೇ ಸಿದ್ಧಮಾಡಿಟ್ಟಿದ್ದ "ಆಷಾಢ ರಿಯಾಯಿತಿ"ಯ ನಗುಮೊಗದ ಪೋಸ್ಟನ್ನು ತೆಗೆದೆ. ವಿಡಿಯೊಗೆ ಬಂದ ಕಾಮೆಂಟುಗಳದ್ದೆಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಯಾವುದನ್ನೂ ಅಳಿಸಬೇಡ, ಯಾರಿಗೂ ಉತ್ತರಿಸಬೇಡ ಎಂದು ಸೊಸೆಗೆ ಬರೆದೆ. ಕಾಮೆಂಟುಗಳು ಆಗಲೇ ಅಂಗಡಿಯನ್ನು ದಾಟಿ ಊರಿನ ಮೇಲೆ ಹೋಗಿದ್ದವು. "ಮೊಳಕಾಲ್ಮುರು ಸೀರೆ ಅಂದ್ರೆ ಇಷ್ಟೇ" ಎಂದು ಒಬ್ಬರು. "ಅಂತಾ ಮೋಸಂ", ಎಲ್ಲಾ ಮೋಸ ಎಂದು, ತೆಲುಗಿನಲ್ಲಿ ಗಡಿಯಾಚೆಯ ಇನ್ನೊಬ್ಬರು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಯಜಮಾನರು ಬಿಳಿ ಗಾದಿಯ ಮೇಲೆ ಕೂತು ರಾಯದುರ್ಗದ ವ್ಯಾಪಾರಿಯೊಬ್ಬರಿಗೆ ಫೋನಿನಲ್ಲಿ ತೆಲುಗಿನಲ್ಲೇ ಸಮಾಧಾನ ಹೇಳುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಅವರ ಮಗ, ಅಂದರೆ ಸೊಸೆಯ ಗಂಡ, ಬಾಗಿಲ ಬಳಿ ನಿಂತು ತನ್ನ ಫೋನನ್ನು ಮೇಲೆ ಕೆಳಗೆ ತಳ್ಳುತ್ತಿದ್ದ. ಸೊಸೆ ಹಿಂದಿನ ಕೋಣೆಯ ಬಾಗಿಲಿಗೆ ಒರಗಿದ್ದಳು.

"ಬಾರವ್ವ" ಎಂದರು ಯಜಮಾನರು ಫೋನ್ ಇಟ್ಟು. "ಈ ಮೆಟ್ಲು ಹತ್ತಿ ಬಂದು ನಮ್ಮಪ್ಪನ್ನಾಗ್ಲಿ ನನ್ನನ್ನಾಗ್ಲಿ ಯಾರೂ ಕಳ್ಳ ಅಂದಿರ್ಲಿಲ್ಲ. ಈಗ ಜನ ಮನೇಲಿ ಮಲಗಿದ್ದಲ್ಲೇ ಅಂತಾವ್ರೆ." ಆಮೇಲೆ ಸೊಸೆಯ ಕಡೆ ನೋಡದೆ ಹೇಳಿದರು: "ನಾಳೆ ಸಂಜೆಯೊಳಗೆ ಇದು ಸರಿಹೋಗ್ಲಿಲ್ಲ ಅಂದ್ರೆ ಆ ಪೇಜು ಮುಚ್ಚಿಬಿಡು ತಾಯಿ. ಹಿಂದೆ ಹೆಂಗಿತ್ತೋ ಹಂಗೇ ಇರ್ಲಿ."

ಸೊಸೆಯೇ ತಲೆಯಾಡಿಸಿದಳು. ಆ ಪುಟವನ್ನು ಶುರುಮಾಡಿದವಳು ಅವಳು. ಮದುವೆಯಾಗಿ ಬಂದ ಮೇಲೆ ಮೂಟೆಗಳಿದ್ದ ಹಿಂದಿನ ಕೋಣೆಯನ್ನು ತಾನೇ ಗುಡಿಸಿ, ಒಂದು ರಿಂಗ್ ಲೈಟು ತರಿಸಿ, ಮಧ್ಯಾಹ್ನ ಅಡುಗೆಮನೆ ಮುಗಿದ ಮೇಲೆ ಲೈವ್‌ನಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಮನೆಯಲ್ಲಿ ಅವಳು ಸೊಸೆ, ಅತ್ತಿಗೆ, ಅಮ್ಮ. ಆ ಲೈವ್‌ನಲ್ಲಿ ಎಲ್ಲಿಯವರೋ ಅವಳ ಹೆಸರು ಹಿಡಿದು ಕರೆದು, ಇವತ್ತು ಯಾಕೆ ಡಲ್ಲಾಗಿದ್ದೀರಿ ಎಂದು ಕೇಳುತ್ತಿದ್ದರು. ಅದನ್ನು ಅವಳೆಂದೂ ನನಗೆ ಹೇಳಿಲ್ಲ. ಪುಟ ನೋಡಿಕೊಳ್ಳುವವಳಾದ್ದರಿಂದ ನನಗೆ ಗೊತ್ತಿತ್ತು.

ದೂರಿನಲ್ಲಿ ನಿಜ ಎಷ್ಟು ಎಂಬುದು ಮೊದಲು ಗೊತ್ತಾಗಬೇಕಿತ್ತು. ಅದೇ ಬಣ್ಣದ ಇನ್ನೊಂದು ಸೀರೆ ಇದೆಯಾ ಎಂದು ಕೇಳಿದೆ. ಸೊಸೆ ತಂದಳು. ರಿಂಗ್ ಲೈಟಿನ ಮುಂದೆ ಹಿಡಿದು ಅಂಗಡಿಯ ಫೋನಿನಲ್ಲಿ ನೋಡಿದರೆ ಗಿಳಿಹಸಿರು. ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ಹಿಡಿದರೆ ಕಡು ಎಲೆಹಸಿರು. ಲೈಟಿನ ಬಿಳುಪಿಗೆ ಫೋನು ತಾನಾಗಿಯೇ ಬಣ್ಣ ಹೊಂದಿಸಿಕೊಂಡು ಹಸಿರನ್ನು ಹಳದಿಯ ಕಡೆಗೆ ಎಳೆಯುತ್ತಿತ್ತು. ಎರಡನ್ನೂ ಚಿತ್ರ ತೆಗೆದು ಪಕ್ಕಪಕ್ಕ ಇಟ್ಟೆವು. ಗಿರಾಕಿ ಹೇಳಿದ್ದು ಸರಿ.

ಸೀರೆಯನ್ನು ಮಡಿಚಿ ಇಡುವಾಗ ಕಪಾಟಿನಲ್ಲಿ ಜೇನುಬಣ್ಣದ, ಸಣ್ಣ ರುದ್ರಾಕ್ಷಿ ಅಂಚಿನ ಇನ್ನೊಂದು ಸೀರೆ ಕಂಡಿತು. ಅದರ ಚಿತ್ರ ತೆಗೆದು ತಿಂಗಳುಗಳಾಗಿದ್ದವು. ಪ್ರತಿ ವಾರ ಪಟ್ಟಿ ಮಾಡುವಾಗ ಅದನ್ನು ಕೊನೆಗೆ ತಳ್ಳಿ, ಮುಂದಿನ ವಾರಕ್ಕಿರಲಿ ಎಂದುಕೊಳ್ಳುತ್ತಿದ್ದೆ. ನಾನು ಕೆಲಸ ಮಾಡುವ ಅಂಗಡಿಗಳಲ್ಲಿ ಏನನ್ನೂ ಕೊಳ್ಳುವುದಿಲ್ಲ. ಕೊಂಡರೆ ಬೆಲೆ ಇಳಿಸಿ ಕೊಡುತ್ತಾರೆ. ಬೆಲೆ ಇಳಿಸಿದವರಿಗೆ ನೀವು ಮಾಡಿದ್ದು ಸರಿಯಿಲ್ಲ ಎನ್ನುವುದು ಕಷ್ಟ. ಕೆಲಸ ಶುರುಮಾಡಿದಾಗ ಹಾಕಿಕೊಂಡ ನಿಯಮ ಅದು.

ಇನ್ನು ಬ್ಲಾಕ್ ಆದದ್ದು ಹೇಗೆ ಎಂಬುದು. ಅಂಗಡಿಯ ಫೋನು ಗಲ್ಲಾಪೆಟ್ಟಿಗೆಯ ಮೇಲೇ ಇರುತ್ತದೆ, ಮೂವರೂ ಮುಟ್ಟುತ್ತಾರೆ. ಬ್ಲಾಕ್ ಆದವರ ಪಟ್ಟಿ ತೆರೆದೆ. ಸಾಲ ಬೇಕಾ ಎಂದು ಕಾಡುವ ಕೆಲವು ಸಂಖ್ಯೆಗಳ ನಡುವೆ ವಿಡಿಯೊ ಹಾಕಿದ ಬಳ್ಳಾರಿಯ ಗಿರಾಕಿಯದೂ ಇತ್ತು.

"ಇದನ್ನ ಯಾರು ಮಾಡಿದ್ದು?" ಎಂದೆ.

ಮಗ ಫ್ಯಾನು ನೋಡಿದ. ಸೊಸೆ ನೆಲ ನೋಡಿದಳು.

"ನಾನೇ" ಎಂದರು ಯಜಮಾನರು. "ಬೋಣಿ ಆಗಿರ್ಲಿಲ್ಲ ಕಣವ್ವ."

ನನಗೆ ತಕ್ಷಣ ಹೊಳೆಯಲಿಲ್ಲ. ಅವರು ಸಮಾಧಾನದಿಂದಲೇ ವಿವರಿಸಿದರು. ದಿನದ ಮೊದಲ ವ್ಯಾಪಾರ ಆಗುವ ಮುಂಚೆ ಅವರ ಅಂಗಡಿಯಲ್ಲಿ ವಾಪಸಿನ ಮಾತು ಕೇಳುವುದಿಲ್ಲ; ಅವರ ಅಪ್ಪನ ಕಾಲದಿಂದಲೂ ಹಾಗೇ. "ವಾಪಸ್ ತಗೊಳಲ್ಲ ಅಂತಲ್ಲ. ತಗೋತೀವಿ. ಯಾರಾದ್ರೂ ಬೆಳಗ್ಗೆನೇ ಸೀರೆ ಹಿಡ್ಕೊಂಡು ಬಂದ್ರೆ, ಬರ್ರಿ, ಕೂತ್ಕೊಳ್ರಿ, ನೀರು ಕುಡೀರಿ ಅಂತೀವಿ. ಬೋಣಿ ಆಗ್ತಿದ್ದಂಗೆ ಮಾತಾಡದೆ ತಗೋತೀವಿ. ಮೊನ್ನೆ ದೀಪ ಹಚ್ಚಿ ಇನ್ನೂ ಕೂತಿಲ್ಲ, ಟಿಣ್ ಅಂತು. ನೋಡಿದ್ರೆ ವಾಪಸ್ ಅಂತ. ಮತ್ತೆ ಟಿಣ್. ಎದುರಿಗೆ ಬಂದೋರನ್ನಾದ್ರೆ ಕೂರಿಸಬೋದು. ಫೋನಲ್ಲಿ ಬಂದೋರನ್ನ ಎಲ್ಲಿ ಕೂರಿಸ್ಲಿ? ಸಾಲದೋರ್ನ ಬ್ಲಾಕ್ ಮಾಡೋದು ಇವ್ನೇ ತೋರಿಸಿದ್ದ. ಬೋಣಿ ಆಗೋಗಂಟ ಹಂಗೆ ಇರ್ಲಿ, ಆಮೇಲೆ ತೆಗೆದ್ರಾಯ್ತು ಅಂದ್ಕೊಂಡೆ. ಆಷಾಢ ನೋಡು, ಬೋಣಿ ಆಗೋ ಹೊತ್ಗೆ ಬಿಸಿಲು ಇಳಿದಿತ್ತು. ಮರ್ತೇಬಿಟ್ಟೆ."

ನನ್ನ ಲ್ಯಾಪ್‌ಟಾಪಿನಲ್ಲಿ ಇಂಥ ಸಂದರ್ಭಗಳಿಗೆಂದು ಬರೆದಿಟ್ಟ ಉತ್ತರದ ಮಾದರಿಗಳಿವೆ. ತಡವಾದದ್ದಕ್ಕೆ ಒಂದು, ಹಾಳಾದ ಸರಕಿಗೆ ಒಂದು, ಒರಟು ಮಾತಿಗೆ ಒಂದು. ಯಾವುದೂ ಇದಕ್ಕೆ ಹೊಂದುವಂತಿರಲಿಲ್ಲ.

"ಅಪ್ಪಾ, ಬೋಣಿ ಗೀಣಿ ಅಂದ್ರೆ ಜನ ನಗ್ತಾರೆ" ಎಂದ ಮಗ. "ಫೋನ್ ಕೆಟ್ಟಿತ್ತು ಅಂತ ಹಾಕಿಬಿಡಾಣ."

ಆ ಗಿರಾಕಿಯ ಜೊತೆ ಮಾತಾಡುವವರೆಗೆ ಏನೂ ಹಾಕುವುದು ಬೇಡ ಎಂದೆ. ಅವಳ ನಂಬರನ್ನು ಬರೆದುಕೊಂಡು, ಹಿಂದಿನ ಕೋಣೆಯಲ್ಲಿ ಕೂತು ಅವಳಿಗೆ ಮೊದಲಿಂದ ಯಾರು ಏನು ಹೇಳಿದ್ದಾರೆ ಎಂದು ಹಳೆಯ ಸಂದೇಶಗಳನ್ನು ಓದತೊಡಗಿದೆ. ಓದಿ ಮುಗಿಸುವಷ್ಟರಲ್ಲಿ ಸೊಸೆ ಬಂದು ತನ್ನ ಫೋನ್ ಮುಂದೆ ಹಿಡಿದಳು. ಅಂಗಡಿಯ ಪುಟದಲ್ಲಿ ಹೊಸ ಪೋಸ್ಟು: "ತಾಂತ್ರಿಕ ದೋಷದಿಂದ ಗ್ರಾಹಕರೊಬ್ಬರ ಸಂಖ್ಯೆ ಬ್ಲಾಕ್ ಆಗಿರುತ್ತದೆ." ಅದರ ಕೆಳಗೆ ಮೊದಲ ಉತ್ತರ ಆಗಲೇ ಬಂದಿತ್ತು: "ಫೋನು ತಾನಾಗೇ ಬ್ಲಾಕ್ ಮಾಡ್ತಾ? ಭಾಳ ಬುದ್ಧಿವಂತ ಫೋನು. ನಮಗೂ ಒಂದು ಕೊಡಿಸಿ."

ಅಷ್ಟಕ್ಕೇ ನಿಲ್ಲಲಿಲ್ಲ. ಮಗ ಬೆಂಬಲಕ್ಕಿರಲಿ ಎಂದು ಬಂಧುಗಳ ವಾಟ್ಸಾಪ್ ಗುಂಪಿಗೆ ಒಂದು ಕಾಮೆಂಟಿನ ಮಾದರಿ ಕಳಿಸಿದ್ದ. ಅದರಲ್ಲಿ ಬಿಟ್ಟ ಜಾಗವೊಂದಿತ್ತು. ಬಂಧುಗಳು ನಿಷ್ಠೆಯಿಂದ ಅದನ್ನು ಇದ್ದಹಾಗೇ ಅಂಟಿಸಿದರು: "ನಾನು (ನಿಮ್ಮ ಊರು ಹಾಕಿ) ಊರಿನವನು. ವರ್ಷಗಳಿಂದ ಇದೇ ಅಂಗಡಿಯಲ್ಲಿ ಸೀರೆ ಕೊಳ್ಳುತ್ತಿದ್ದೇನೆ." ರಾಂಪುರದ ಚಿಕ್ಕಪ್ಪ ಮಾತ್ರ ಊರಿನ ಹೆಸರು ಸೇರಿಸಿದ್ದರು, ಸೂಚನೆಯನ್ನೂ ಉಳಿಸಿಕೊಂಡಿದ್ದರು. ಯಾರೋ ಅವರಿಗೆ ಉತ್ತರಿಸಿದ್ದರು: "ನಾನೂ ನಿಮ್ಮ ಊರು ಹಾಕಿ ಊರಿನವನೇ ಅಣ್ಣ. ನಿಮ್ಮದು ಯಾವ ಬೀದಿ?"

ಸೊಸೆಗೆ ನಗು ಬಂತು. ಬಾಯಿಗೆ ಸೆರಗು ಹಿಡಿದುಕೊಂಡಳು. ನಗು ನಿಂತ ಮೇಲೂ ಸೆರಗು ಅಲ್ಲೇ ಇತ್ತು.

ಹೊರಗೆ ಯಜಮಾನರ ದನಿ ಏರಿತ್ತು. "ಲೇ, ಆ ಹೆಣ್ಮಗಳು ಬೇಡ ಅಂದ್ಲಾ ಇಲ್ವಾ? ಮದುವೆ ಕಾರ್ಡು ಹಂಚಿದಂಗೆ ಊರಿಗೆಲ್ಲ ಹಂಚೀಯಲ್ಲೋ!"

"ಸಪೋರ್ಟಿಗಿರ್ಲಿ ಅಂತ..."

"ಸಪೋರ್ಟಂತೆ. ನಾನು ಬ್ಲಾಕ್ ಮಾಡಿದ್ದು ಒಬ್ಬಾಕೆನ. ನೀನು ನಗಿಸಿದ್ದು ಊರನ್ನೇ."

ಆ ಪೋಸ್ಟನ್ನು ಅಳಿಸಲಿಲ್ಲ. ಅಳಿಸಿದರೆ ಅಳಿಸಿದ್ದಕ್ಕೂ ಉತ್ತರ ಹೇಳಬೇಕಾಗುತ್ತದೆ. ನನಗೆ ತಲೆ ಸಿಡಿಯುತ್ತಿತ್ತು. ಕಾವಲಿನ ಧೂಳು ಇನ್ನೂ ಕಣ್ಣಿನಲ್ಲಿತ್ತು. ಬಾಗಿಲು ಮುಂದೆ ಮಾಡಿಕೊಂಡು ನನ್ನ ಸ್ವಂತ ನಂಬರಿನಿಂದ ಬಳ್ಳಾರಿಗೆ ಫೋನ್ ಮಾಡಿದೆ.

"ನೀವ್ಯಾರ್ರೀ?"

"ಅಂಗಡಿಯ ಪುಟ ನೋಡಿಕೊಳ್ಳುವವಳು."

"ಅಂದ್ರ ನನ್ನ ಬ್ಲಾಕ್ ಮಾಡಿದಾಕಿ ನೀವಾ?"

"ಅಲ್ಲ."

"ಮತ್ಯಾರು? ಫೋನಾ?"

ಹೇಳಬಹುದಿತ್ತು. ಆದರೆ ಅದು ನನ್ನ ಮಾತಲ್ಲ. "ಮಾಡಿದವರೇ ಹೇಳಬೇಕು, ಹೇಳುತ್ತಾರೆ" ಎಂದೆ. "ಬಣ್ಣದ ವಿಷಯದಲ್ಲಿ ನೀವು ಹೇಳಿದ್ದು ಸರಿ. ನಾವು ಬಾಗಿಲ ಬೆಳಕಿನಲ್ಲಿ ನೋಡಿದೆವು."

ಮೊದಲ ಸಲ ಯಾರೋ ಹೌದು ಎಂದದ್ದಕ್ಕೆ ಇರಬೇಕು, ಅವಳ ದನಿ ಇಳಿಯಿತು. "ನನ್ನ ತಂಗಿ ಮದುವಿಗೆ ನಾ ಕೊಡೋ ಸೀರಿರೀ ಅದು. ಮನ್ಯಾಗ ಎಲ್ಲಾರೂ ಆನ್‌ಲೈನ್ ಬ್ಯಾಡ ಅಂದ್ರು. ಆ ಹುಡುಗಿ ಲೈವ್‌ನ್ಯಾಗ ಛಲೋ ಮಾತಾಡ್ತಾಳ, ಮೋಸ ಮಾಡೂದಿಲ್ಲ ಅಂತ ನಾನಾ ಗಟ್ಟಿಯಾಗಿ ಹೇಳಿದ್ದೆ. ಈಗ ಊಟಕ್ಕ ಕುಂತಾಗೆಲ್ಲ ನನ್ನ ಮಾರಿ ನೋಡ್ತಾರ." ಮತ್ತೆ ದನಿ ಗಟ್ಟಿಯಾಯಿತು. "ನಾಳೆ ಮುಂಜಾನೆ ಬಸ್ಸಿಗೆ ನಾನಾ ಬರ್ತೀನಿ. ಬಾಗಲಾ ತೆಗೆಯೋ ಹೊತ್ತಿಗೆ. ಸೀರಿ ಕೊಟ್ಟು ರೊಕ್ಕಾ ಇಸ್ಕೊಂಡು ಹೋಗ್ತೀನಿ. ಲೈವ್ ಹಚ್ಚೇ ಒಳಗ ಕಾಲಿಡ್ತೀನಿ."

ಸ್ವಲ್ಪ ತಡವಾಗಿ ಬರಲು ಆಗುತ್ತದೆಯೇ ಎಂಬ ಮಾತು ನನ್ನ ಬಾಯಿಯ ತುದಿಗೆ ಬಂದಿತ್ತು. ಅವಳೇ ಮುಂದಾದಳು: "ಮಧ್ಯಾಹ್ನ ಬರ್ರಿ, ನಾಳೆ ಬರ್ರಿ ಅಂತ ಮಾತ್ರ ಅನ್ನಬ್ಯಾಡ್ರಿ. ಕಾಯ್ದು ಕಾಯ್ದ ಇಷ್ಟ ಆಗೇತಿ."

"ಬನ್ನಿ" ಎಂದೆ.

ಗಾದಿಯ ಸುತ್ತ ಕೂತು ನಾಲ್ವರೂ ಮಾತಾಡಿದೆವು. ಮಾತು ಎತ್ತ ಹೋದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಅವಳು ಬಾಗಿಲು ತೆಗೆಯುವ ಹೊತ್ತಿಗೆ ಬರುತ್ತಾಳೆ. ಬೋಣಿ ಆಗಿರುವುದಿಲ್ಲ.

"ಬರ್ಲಿ. ಕೂರಿಸಿ ನೀರು ಕೊಡ್ತೀನಿ. ಬೋಣಿ ಆಗ್ತಿದ್ದಂಗೆ ತಗೋತೀನಿ" ಎಂದರು ಯಜಮಾನರು.

"ಬೋಣಿ ಯಾವಾಗ ಆಗುತ್ತೆ?" ಎಂದ ಮಗ.

"ಶಿವ ಕಳಿಸಿದಾಗ."

"ಅಲ್ಲಿಗಂಟ ಲೈವ್ ಓಡ್ತಾ ಇರುತ್ತೆ ಮಾವ" ಎಂದಳು ಸೊಸೆ ಮೆತ್ತಗೆ. ಆ ದಿನ ಅವಳು ಮಾವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಸೀರೆ ಕೈಲಿ ಹಿಡ್ಕೊಂಡು ಕೂತಿರ್ತಾಳೆ. ನಾವು ತಗೊಳ್ದೆ ಕೂತಿರ್ತೀವಿ. ಎಲ್ಲಾರೂ ನೋಡ್ತಿರ್ತಾರೆ."

"ಹಂಗಾದ್ರೆ ಬಾಗಿಲು ತೆಗೆದ ಕೂಡ್ಲೆ ನಾನೇ ಒಂದು ಪಂಚೆ ತಗೊಂತೀನಿ" ಎಂದ ಮಗ.

"ಮನೆ ದುಡ್ಡು ಮನೆ ಪೆಟ್ಟಿಗೆಗೆ ಬಿದ್ರೆ ಅದು ಬೋಣಿನಾ?"

"ಪಕ್ಕದಂಗಡಿಯೋರಿಗೆ ಹೇಳಿರ್ತೀನಿ."

"ಹೇಳಿ ಕರೆಸಿದೋನು ಗಿರಾಕಿ ಅಲ್ಲ ಕಣಲೇ. ಅದು ನಾಟಕ. ಬೇಕು ಅಂತ ಬರಬೇಕು, ನೋಡಿ ಆರಿಸಬೇಕು, ದುಡ್ಡು ಕೊಡಬೇಕು."

ಇದು ಬರೀ ನಂಬಿಕೆ, ಒಂದು ದಿನ ಬಿಟ್ಟರೇನು ಎಂದು ಅವರ ಜೊತೆ ವಾದ ಮಾಡಬಹುದಿತ್ತು. ಮಾಡಲಿಲ್ಲ. ವಾದದಲ್ಲಿ ಗೆದ್ದರೂ ಬೆಳಗ್ಗೆ ಕ್ಯಾಮೆರಾದ ಮುಂದೆ ಅವರು ಮುಖ ಗಂಟಿಕ್ಕಿಕೊಂಡೇ ಸೀರೆ ತೆಗೆದುಕೊಳ್ಳುತ್ತಾರೆ. ನೋಡುವವರಿಗೆ ಆ ಮುಖವೇ ಅಂಗಡಿಯ ಉತ್ತರವಾಗುತ್ತದೆ.

ನಾನು ಆಗಲೇ ಎರಡು ಕ್ಷಮಾಪಣೆಗಳನ್ನು ಬರೆದಿದ್ದೆ. ಒಂದರಲ್ಲಿ "ವಿಷಾದಿಸುತ್ತೇವೆ" ಎಂದಿತ್ತು, ಇನ್ನೊಂದರಲ್ಲಿ "ಅನಾನುಕೂಲತೆಗಾಗಿ" ಎಂದಿತ್ತು. ಮತ್ತೊಮ್ಮೆ ಓದಿದೆ. ಆ ಭಾಷೆಯಲ್ಲಿ ಈ ಮನೆಯ ಯಾರೂ ಮಾತಾಡುವುದಿಲ್ಲ. ಎರಡನ್ನೂ ಅಳಿಸಿದೆ.

"ಇವತ್ತು ಏನೂ ಹಾಕುವುದು ಬೇಡ" ಎಂದೆ. "ನಾಳೆ ಅವರು ಬಂದಾಗ ಯಜಮಾನ್ರೇ ಮಾತಾಡ್ಲಿ. ಮಧ್ಯಾಹ್ನ ನಮಗೆ ಹೇಳಿದ್ರಲ್ಲ, ಅಷ್ಟೇ. ಸೇರಿಸೋದೂ ಬೇಡ, ಬಿಡೋದೂ ಬೇಡ."

"ಬೋಣಿ ಮಾತಾ?" ಎಂದರು ಅವರು. "ನಗಲ್ವಾ?"

"ಕೆಲವರು ನಗ್ತಾರೆ. ಫೋನ್ ಕೆಟ್ಟಿತ್ತು ಅಂದಿದ್ದಕ್ಕೆ ಎಲ್ಲಾರೂ ನಕ್ಕಿದ್ದಾರೆ."

ಅವರು ಮಗನ ಕಡೆ ನೋಡಿದರು. ಮಗ ಮತ್ತೆ ಫ್ಯಾನು ನೋಡಿದ. "ಅದಾಯ್ತು" ಎಂದರು. "ಬೋಣಿಗೆ ಏನು ಮಾಡ್ತೀಯಾ?"

"ನೋಡೋಣ" ಎಂದೆ. ಅದಕ್ಕಿಂತ ಹೆಚ್ಚು ಹೇಳಿದರೆ ಅದು ಹೇಳಿ ಕರೆಸಿದಂತಾಗುತ್ತಿತ್ತು.

ನಾನು ಹೊರಡುವ ಹೊತ್ತಿಗೆ ಸೊಸೆ ರಿಂಗ್ ಲೈಟನ್ನು ಬಿಚ್ಚಿ ಮೂಲೆಗಿಟ್ಟು, ತನ್ನ ಕುರ್ಚಿಯನ್ನು ಬಾಗಿಲ ಬೆಳಕು ಬೀಳುವ ಕಡೆಗೆ ಎಳೆಯುತ್ತಿದ್ದಳು. ನಾಳೆ ಮುಚ್ಚಿಹೋಗಬಹುದಾದ ಪುಟಕ್ಕಾಗಿ ಇದೆಲ್ಲ ಯಾಕೆ ಎಂದು ನಾನು ಕೇಳಲಿಲ್ಲ. "ಮುಂದೆ ವಾಪಸ್ ಅಂತ ಬಂದೋರಿಗೆಲ್ಲ ತಾನಾಗೇ ಒಂದು ಉತ್ತರ ಹೋಗೋಹಂಗೆ ಮಾಡಬೋದಾ ಅಕ್ಕ?" ಎಂದಳು. "ನಿಮ್ಮ ಮಾತು ಬಂದೈತೆ, ಸ್ವಲ್ಪ ಕೂತಿರಿ, ಇವತ್ತೇ ಕರೀತೀವಿ ಅಂತ."

"ಆಗುತ್ತೆ" ಎಂದೆ. ಫೋನಲ್ಲಿ ಬಂದೋರನ್ನ ಎಲ್ಲಿ ಕೂರಿಸ್ಲಿ ಎಂದು ಯಜಮಾನರು ಕೇಳಿದ್ದ ಪ್ರಶ್ನೆಗೆ ಅದು ಉತ್ತರ. ನನಗಿಂತ ಮೊದಲು ಅವಳಿಗೆ ಹೊಳೆದಿತ್ತು.

ಚಳ್ಳಕೆರೆಯ ಬಸ್ಸಿನಲ್ಲಿ ಕಿಟಕಿಯ ಗಾಜು ಗಾಳಿಗೆ ಗಡಗಡ ಎನ್ನುತ್ತಿತ್ತು. ಗಾಜಿಗೆ ತಲೆ ಆನಿಸಿದರೆ ಹಲ್ಲೂ ಅದುರುತ್ತಿತ್ತು. ಆದರೂ ತೆಗೆಯಲಿಲ್ಲ. ಇಡೀ ದಿನ ಕಂಡವರ ಸಿಟ್ಟನ್ನು ಓದುವುದು ಬೇರೆ ಯಾವ ದುಡಿಮೆಗಿಂತಲೂ ಹೆಚ್ಚು ದಣಿಸುತ್ತದೆ. ಅದು ನನ್ನ ಮೇಲಿನ ಸಿಟ್ಟಲ್ಲ ಎಂದು ಗೊತ್ತಿದ್ದರೂ ದಣಿಸುತ್ತದೆ. ಮನೆಯಲ್ಲಿ ಅವ್ವ ತಟ್ಟೆಯಿಟ್ಟು, "ಏನಾಯ್ತೇ?" ಎಂದಳು. "ಏನಿಲ್ಲ, ನಾಳೆ ಬೇಗ ಹೋಗ್ತೀನಿ" ಎಂದೆ. ನನ್ನ ಕೆಲಸದ ಬಗ್ಗೆ ನಾನು ಮನೆಯಲ್ಲಿ ಹೇಳುವುದು ಅಷ್ಟೇ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಮಗ ಶಟರು ಎತ್ತುತ್ತಿದ್ದ. ಸೊಸೆ ಮೆಟ್ಟಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಎಳೆಯುತ್ತಿದ್ದಳು. ಯಜಮಾನರು ದೀಪ ಹಚ್ಚಿ, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಕಣ್ಣು ಮುಚ್ಚಿ ನಿಂತಿದ್ದರು. ನಾನು ಚಪ್ಪಲಿ ಬಿಟ್ಟು, ಹಿಂದಿನ ಕೋಣೆಗೆ ಹೋಗದೆ, ಗಿರಾಕಿಗಳು ಕೂರುವ ಕಡೆ ಗಾದಿಯ ಮೇಲೆ ಕೂತೆ. ಆ ಜಾಗದಲ್ಲಿ ನಾನು ಹಿಂದೆಂದೂ ಕೂತಿರಲಿಲ್ಲ.

ಅವರು ಕಣ್ಣು ಬಿಟ್ಟರು.

"ಸೀರೆ ತೋರಿಸಿ" ಎಂದೆ.

ಊದುಬತ್ತಿ ಸಿಕ್ಕಿಸಿ ನನ್ನ ಕಡೆ ತಿರುಗಿದರು. "ಯಾರಿಗವ್ವ?"

"ನನಗೆ."

"ನಿಜವಾಗ್ಲೂ ಬೇಕಾ? ಇಲ್ಲಾ ನಮಗೋಸ್ಕರನಾ?"

ಬರುವಾಗ ದಾರಿಯುದ್ದಕ್ಕೂ ನನ್ನನ್ನು ನಾನೇ ಕೇಳಿಕೊಂಡಿದ್ದ ಪ್ರಶ್ನೆ ಅದು. "ಎರಡನೇ ಕಪಾಟಿನ ಕೆಳಗಿನ ಸಾಲು" ಎಂದೆ. "ಜೇನುಬಣ್ಣ, ಸಣ್ಣ ರುದ್ರಾಕ್ಷಿ ಅಂಚು. ಅದರ ಕೆಳಗೆ ಒಂದು ಕಪ್ಪು ಸೀರೆ ಐತೆ, ಅದಲ್ಲ."

ಅವರ ಮುಖದಲ್ಲಿ ಏನೋ ಸಡಿಲವಾಯಿತು. ಕಪಾಟಿಗೆ ಕೈ ಹಾಕಿ, ಹುಡುಕದೆ, ಅದನ್ನೇ ತೆಗೆದರು. ಬಾಗಿಲ ಬೆಳಕಿಗೆ ಬಿಚ್ಚಿ ಹಾಸಿದರು. ಚಿತ್ರದಲ್ಲಿ ಕಂಡದ್ದಕ್ಕಿಂತ ಬಣ್ಣ ಸ್ವಲ್ಪ ಗಾಢವಾಗಿತ್ತು. ನಾನು ಚೌಕಾಸಿ ಮಾಡಿದೆ. ಅವರು ಬಿಡಲಿಲ್ಲ. ಮತ್ತೆ ಮಾಡಿದೆ. "ಬೋಣಿ ಗಿರಾಕಿ ಅಂತ ಇಷ್ಟು ಇಳಿಸ್ತೀನಿ, ಪೇಜು ನೋಡ್ಕೊಳೋಳು ಅಂತಲ್ಲ" ಎಂದರು. ಆ ಮಾತನ್ನು ನಂಬಿ ದುಡ್ಡು ಕೊಟ್ಟೆ. ನೋಟುಗಳನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದರು.

ಪೆಟ್ಟಿಗೆ ಮುಚ್ಚಿ ಹೆಚ್ಚು ಹೊತ್ತಾಗಿರಲಿಲ್ಲ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕಾಣಿಸಿಕೊಂಡಳು. ಒಂದು ಕೈಯಲ್ಲಿ ಸೀರೆಯ ಪೊಟ್ಟಣ, ಇನ್ನೊಂದರಲ್ಲಿ ಮುಖದ ಮಟ್ಟಕ್ಕೆ ಎತ್ತಿ ಹಿಡಿದ ಫೋನು. ಹೆಬ್ಬೆರಳ ಉಗುರುಬಣ್ಣ ಈಗ ಪೂರ್ತಿ ಹೋಗಿತ್ತು. ರಂಗೋಲಿ ಕಂಡು ಅದನ್ನು ತುಳಿಯದೆ ದಾಟಿ ಬಂದಳು.

ಯಜಮಾನರು ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದರು. "ಕೊಡವ್ವ ಇಲ್ಲಿ. ನಿನ್ನ ಬ್ಲಾಕ್ ಮಾಡಿದ್ದು ನಾನು, ಫೋನಲ್ಲ. ಬೋಣಿ ಆಗಿರ್ಲಿಲ್ಲ, ವಾಪಸಿನ ಮಾತು ಕೇಳಬಾರ್ದು ಅಂತ ಬಾಗಿಲು ಹಾಕಿದೆ, ತೆಗೆಯೋದು ಮರ್ತೆ. ತಪ್ಪಾಯ್ತು. ಇವತ್ತು ಬೋಣಿ ಆಗೈತೆ. ದುಡ್ಡು ತಗೊಂತೀಯೋ, ಗಿಳಿಹಸಿರಿಂದೇ ಬೇರೆ ಸೀರೆ ಬೆಳಕಲ್ಲಿ ನೋಡಿ ಆರಿಸ್ಕೊಂತೀಯೋ, ನಿನ್ನಿಷ್ಟ."

ಅವಳು ಜಗಳಕ್ಕೆ ಸಿದ್ಧಳಾಗಿ ಬಂದಿದ್ದಳು. ಫೋನು ನಿಧಾನಕ್ಕೆ ಎದೆಯ ಮಟ್ಟಕ್ಕೆ ಇಳಿಯಿತು. "ಬೋಣಿಗಾ?" ಎಂದಳು. "ಅಷ್ಟ ಹೇಳಿದ್ರ ನಾ ಕೂಡ್ತಿದ್ನಲ್ರೀ. ನಮ್ಮಪ್ಪಂದೂ ಅಂಗಡಿ ಇತ್ತು."

ಸೊಸೆ ಒಂದು ಲೋಟ ನೀರು ತಂದು ಹಿಡಿದಳು. ಬಳ್ಳಾರಿಯವಳು ಸೊಸೆಯ ಮುಖ ನೋಡಿ, ಲೈವ್‌ನಲ್ಲಿ ಕರೆಯುವ ಹಾಗೆ ಹೆಸರು ಹಿಡಿದು ಕರೆದಳು. "ಎಲ್ಲಿ, ಹಸಿರು ತೋರಸ್ರಿ ಮೊದಲ" ಎಂದಳು.

ನಾನು ಜೇನುಬಣ್ಣದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾದಿಯ ಅಂಚಿಗೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.